ಹದಿನೆಂಟು ದಿನ ಬಿಟ್ಟಿದ್ದ ಗುಳಿಗೆ

ಪ್ರೀತಿಯ ಅಣ್ಣಾ,

ಬೆನ್ನಿನ ಆಪರೇಷನ್ ಮುಗಿಸಿ ನೀನು ಹಾವೇರಿಯಿಂದ ಮನೆಗೆ ಬಂದ ದಿನ, ಇಪ್ಪತ್ತು ವರ್ಷ ಬಸ್ಸು ಓಡಿಸಿದವನು ಮಗ್ಗಲು ಬದಲಿಸಲಾರದೆ ಮಲಗಿದ್ದೆ. ಡಾಕ್ಟರು ಬರೆದದ್ದು ಹತ್ತೇ ದಿನದ ಗುಳಿಗೆ. "ಇದು ಅಫೀಮಿನ ಜಾತೀದು. ಹೇಳಿದಷ್ಟೇ ತಗೋರಿ, ಆಮ್ಯಾಲೆ ಕಮ್ಮಿ ಮಾಡ್ಕೋತ ಬಿಡೂದು" ಅಂದಿದ್ದರು. ಅದನ್ನು ನಿನಗೆ ಬಿಡಿಸಿ ಹೇಳಿದವಳು ನಾನೇ. ಬ್ಯಾಡಗಿಯಲ್ಲಿ ಔಷಧಿ ಅಂಗಡಿ ಇಟ್ಟವಳು ನಾನಲ್ಲವೇ?

ಹನ್ನೊಂದನೆಯ ದಿನ ನೀನು ಆಟೋದಲ್ಲಿ ಅಂಗಡಿಗೇ ಬಂದೆ. "ತಂಗಿ, ಇನ್ನೊಂದು ಸ್ಟ್ರಿಪ್ ಕೊಡವಾ. ಕುಂಡ್ರಾಕೂ ಆಗವಲ್ದು. ಚೀಟಿ ನಾಳೆ ತರ್ತೇನಿ." ನಾನು ಕಪಾಟಿನಿಂದ ಒಂದು ತೆಗೆದು ಕೊಟ್ಟೆ. ಮುಂದಿನ ತಿಂಗಳೂ ಚೀಟಿಯಿಲ್ಲದೆ ಕೊಟ್ಟೆ. ಒಂದಕ್ಕೆ ತಗ್ಗುತ್ತಿದ್ದ ನೋವಿಗೆ ಎರಡು ಬೇಕಾಯಿತು, ಎರಡು ಸಾಲದೆ ನಾಲ್ಕಾಯಿತು. ನಿನ್ನ ಮೈ ಅದಕ್ಕೆ ಒಗ್ಗಿಹೋಗುತ್ತಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ...

ಆಮೇಲೆ ನಾನು ಹೆದರಿ ಕೊಡುವುದನ್ನು ಒಮ್ಮೆಲೇ ನಿಲ್ಲಿಸಿಬಿಟ್ಟೆ. ನಿನ್ನನ್ನು ಡಾಕ್ಟರ ಹತ್ತಿರ ಕರೆದೊಯ್ದು, ಸ್ವಲ್ಪ ಸ್ವಲ್ಪವೇ ಇಳಿಸಬೇಕಿತ್ತು. ನೀನು ಬೆವರುತ್ತ, ಮೂಗು ಸೋರುತ್ತ, ನಡುಗುವ ಕಾಲಲ್ಲಿ ಕೌಂಟರ್ ಹಿಡಿದು ನಿಂತಾಗ ನಾನು "ನಾಟಕ ಮಾಡಬ್ಯಾಡ ಅಣ್ಣಾ" ಅಂದೆನಲ್ಲ, ಅದು ನಿನಗೆ ಎಷ್ಟು ನಾಟಿತೋ! ಮರುದಿನದಿಂದ ನೀನು ರಾಣೆಬೆನ್ನೂರಿನ ಅಂಗಡಿಗಳಿಗೆ ಹೋಗತೊಡಗಿದೆ.

ಕೊನೆಗೆ ನಿನ್ನ ಹೆಂಡತಿ, ನಮ್ಮ ವೈನಿ, ಗುಳಿಗೆ ಬಿಡಿಸಲು ನಿನ್ನನ್ನು ಹಾವೇರಿಯಲ್ಲಿ ಆಸ್ಪತ್ರೆಗೆ ಸೇರಿಸಿದರು. ಹದಿನೆಂಟು ದಿನ ಒಂದೂ ಗುಳಿಗೆಯಿಲ್ಲದೆ ಕಳೆದು ಮನೆಗೆ ಬಂದವನು, "ಗೆದ್ದೇನಿ ನೋಡವಾ" ಎಂದು ಫೋನಿನಲ್ಲಿ ನಕ್ಕಿದ್ದೆ. ಬಿಟ್ಟ ಮೇಲೆ ಮೈ ಹಳೆಯ ಪ್ರಮಾಣ ತಾಳುವುದಿಲ್ಲ ಎಂದು ಆಗಲಾದರೂ ನಾನು ಹೇಳಬಹುದಿತ್ತು. ಯಾಕೆ ಹೇಳಲಿಲ್ಲ? ಎರಡು ದಿನಕ್ಕೆ ಬೆನ್ನು ಹಿಡಿದುಕೊಂಡಾಗ ನೀನು ಹಳೆಯ ರೂಢಿಯಂತೆ ನಾಲ್ಕು ನುಂಗಿ ಮಲಗಿದೆ. ಮಧ್ಯಾಹ್ನ ವೈನಿ ಊಟಕ್ಕೆ ಎಬ್ಬಿಸಲು ಹೋದಾಗ ಉಸಿರಿರಲಿಲ್ಲ. ದಿಂಬಿನ ಪಕ್ಕ ಬಿದ್ದಿದ್ದ ಖಾಲಿ ಸ್ಟ್ರಿಪ್ ನನ್ನ ಅಂಗಡಿಯ ಕವರಿನಲ್ಲಿತ್ತು. ಯಾವಾಗ ಬಚ್ಚಿಟ್ಟಿದ್ದೆಯೋ.

ನಿನಗೆ ತಿಳಿಯದ ಸುದ್ದಿಯೊಂದಿದೆ. ಹೋದ ವಾರ ವೈನಿ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿದೆ. ಡಾಕ್ಟರು ಅದೇ ಜಾತಿಯ ಗುಳಿಗೆಯನ್ನು ಐದು ದಿನಕ್ಕೆ ಬರೆದುಕೊಟ್ಟಿದ್ದಾರೆ. ವೈನಿ ಹಲ್ಲು ಕಚ್ಚಿ ಅಳುತ್ತಾರೆ, ಆದರೆ ಮುಟ್ಟುವುದಿಲ್ಲ.

"ಐದು ದಿನ ಹೇಳಿದಷ್ಟೇ ತಗೊಂಡ್ರ ಏನೂ ಆಗಂಗಿಲ್ರೀ ವೈನಿ. ನಾ ಮುಂದ ಕುಂತು ಕೊಡ್ತೇನಿ" ಅಂದೆ.

ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

"ನೀ ಕೊಟ್ಟಿದ್ದು ಬ್ಯಾಡ" ಅಂದರು.

ನಿನ್ನ ತಂಗಿ