ವಾಸನೆಯಿಲ್ಲದ ದೊಡ್ಡಪತ್ರೆ

ನೆರಳೂರು,
ಫೆಬ್ರವರಿ ೩೦, ೨೨೭೬

ಬಡಾವಣೆಯ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನಿಮಗೆ ತಿಳಿಯದ ಪದಗಳು ನಡುವೆ ಬಂದಾವು, ಮನ್ನಿಸಿ. ಈ ಕಾಗದ ಇಷ್ಟು ವರ್ಷ ಹಿಂದಕ್ಕೆ ಹೇಗೆ ಬಂತು ಎಂದೂ ಕೇಳಬೇಡಿ. ನೀವು ನೆಲದಲ್ಲಿ ಹೂತ ಪೆಟ್ಟಿಗೆ ನಮ್ಮವರೆಗೆ ಬರಬಹುದಾದರೆ ನನ್ನ ಸಿಟ್ಟು ನಿಮ್ಮವರೆಗೆ ಬರಬಾರದೇ?

ನಾನು ಓಬಳಮ್ಮ. ನಿಮ್ಮ ಬಡಾವಣೆಯಿದ್ದ ಜಾಗದಲ್ಲೇ ನಮ್ಮ ಊರಿದೆ. ಬಿಸಿಲಿಗೆ ಮೈಯೊಡ್ಡಿದರೆ ಬೊಬ್ಬೆ ಏಳುವುದರಿಂದ ಊರಿಗೆ ಊರನ್ನೇ ಬಟ್ಟೆಯ ಚಪ್ಪರದಡಿ ಇಟ್ಟಿದ್ದೇವೆ. ನೆರಳೂರು ಎಂಬ ಹೆಸರು ಅದಕ್ಕೇ. ಆ ಬಟ್ಟೆಯ ಎಳೆ ಉದುರಿ ಮಕ್ಕಳ ಎದೆ ಸೇರುತ್ತದೆ, ನೂಲುಕೆಮ್ಮು ಹತ್ತುತ್ತದೆ. ನನ್ನ ಮೊಮ್ಮಗಳು ಇಂಪನಾಳಿಗೆ ಐದು ವರ್ಷ. ಕೆಮ್ಮಿ ಕೆಮ್ಮಿ ಉಂಡದ್ದೆಲ್ಲ ಕಕ್ಕುತ್ತಾಳೆ. ಸೂಜಿ ಚುಚ್ಚಿಸಿದ ದಿನ ಸುಮ್ಮನಿರುತ್ತದೆ, ಮರುದಿನ ಮತ್ತೆ ಶುರು.

ನಮ್ಮ ಮನೆಯ ಹೆಂಗಸರು ಒಂದು ಮದ್ದನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದಿದ್ದಾರೆ. ದೊಡ್ಡಪತ್ರೆ ಎಲೆಯನ್ನು ಕಾದ ಹೆಂಚಿನ ಮೇಲೆ ಬಾಡಿಸಿ, ಹಿಂಡಿ, ರಸಕ್ಕೆ ಜೇನು ಬೆರೆಸಿ ನೆಕ್ಕಿಸಬೇಕು. ಮಿಕ್ಕ ಎಲೆಯನ್ನು ಜೀರಿಗೆ, ಮೆಣಸಿನ ಜೊತೆ ತುಪ್ಪದಲ್ಲಿ ಹುರಿದು, ಕಾಯಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಎಲೆ ದಪ್ಪ, ಮೇಲೆ ಸಣ್ಣ ರೋಮ, ಮುಟ್ಟಿದರೆ ಕೈಗೆಲ್ಲ ವಾಸನೆ. ಇಷ್ಟೆಲ್ಲ ಗೊತ್ತು ನಮಗೆ; ಗಿಡವೊಂದೇ ಇಲ್ಲ.

ಆದರೆ ನೀವು ಹೂತಿಟ್ಟ ಪೆಟ್ಟಿಗೆಯಿತ್ತು. ಮೇಲಿನ ಕಲ್ಲಿನಲ್ಲಿ ನೀವೇ ಕೆತ್ತಿಸಿದ್ದಿರಿ: ‘ನಮ್ಮ ಮರಿಮಕ್ಕಳಿಗೆ ಮನೆಮದ್ದಿನ ಕೈತೋಟ. ಇನ್ನೂರೈವತ್ತು ವರ್ಷದ ನಂತರ ತೆರೆಯಿರಿ.’ ನಾನು ಆ ಕಲ್ಲಿನ ಮೇಲೆ ಕೂತು ಆಡಿ ಬೆಳೆದವಳು. ದಿನಕ್ಕೆ ತಲೆಗಿಷ್ಟು ಎಂದು ಸಿಗುವ ನೀರಿಗೆ ಗುಟುಕುಪಾಲು ಅನ್ನುತ್ತೇವೆ. ಅದರಲ್ಲೇ ಉಳಿಸಿ, ಬಾಯಿ ಒಣಗಿಸಿಕೊಂಡು, ಮಡಿಯ ಮಣ್ಣು ಹದ ಮಾಡಿಟ್ಟಿದ್ದೆ.

ಈ ಬೆಳಿಗ್ಗೆ ತೆರೆದೆವು. ಒಳಗೆ ಏನಿತ್ತು ಗೊತ್ತೇ? ನಿಮ್ಮ ಸಂಘದ ಅಧ್ಯಕ್ಷರ ಭಾವಚಿತ್ರ, ಸನ್ಮಾನದ ಶಾಲು, ಒಂದು ಕುಂಡ. ಕುಂಡದಲ್ಲಿ ದೊಡ್ಡಪತ್ರೆ, ಹಚ್ಚಹಸಿರು! ನನಗೆ ಕಣ್ಣೀರೇ ಬಂತು. ಇಂಪನಾ ಎಲೆ ಉಜ್ಜಿ ಮೂಸಿ, “ಅಜ್ಜಿ, ಇದ್ರಲ್ಲಿ ವಾಸ್ನೇನೇ ಇಲ್ವಲ್ಲ” ಎಂದಳು. ಪ್ಲಾಸ್ಟಿಕ್ಕು ಕಣ್ರೀ, ಪ್ಲಾಸ್ಟಿಕ್ಕು!

ನಿಜವಾದದ್ದು ಸಮಾರಂಭ ಮುಗಿಯುವುದರೊಳಗೆ ಬಾಡಿ ಫೋಟೋ ಕೆಡುತ್ತದೆಂದು ಯಾರೋ ಜಾಣರಿಗೆ ಹೊಳೆದಿರಬೇಕು. ಚಪ್ಪಾಳೆ ತಟ್ಟಿದಿರಿ, ಉಪ್ಪಿಟ್ಟು ಕೇಸರಿಬಾತು ತಿಂದು ಮನೆಗೆ ಹೋದಿರಿ. ಅದೇ ಗಿಡ ನಿಮ್ಮ ಹಿತ್ತಿಲಲ್ಲಿ ಪಾತ್ರೆ ತೊಳೆದ ನೀರು ಕುಡಿದು ಸೊಕ್ಕಿ ಬೆಳೆದಿತ್ತಲ್ಲ! ನಿಜವಾದದ್ದನ್ನೇ ಇಟ್ಟಿದ್ದರೂ ಕೊಳೆಯುತ್ತಿತ್ತು, ಅಷ್ಟು ನನಗೂ ಗೊತ್ತು. ಅದು ಬೀಜ ಕಟ್ಟುವುದೇ ಅಪರೂಪ. ಪಕ್ಕದ ಮನೆಯವಳು ಕಾಂಪೌಂಡಿನ ಆಚೆಯಿಂದ ಕೈ ಚಾಚಬೇಕು, ಈಚೆಯವಳು ಕಡ್ಡಿ ಮುರಿದು ಕೊಡಬೇಕು. ಹಾಗೆ ಉಳಿಯುವ ಗಿಡ ಅದು. ಪೆಟ್ಟಿಗೆಯಲ್ಲಿದೆಯಲ್ಲ ಎಂಬ ಧೈರ್ಯದಲ್ಲಿ ನಿಮ್ಮ ಮಕ್ಕಳು ಕೊಡುವುದು ಬಿಟ್ಟರು, ಅವರ ಮಕ್ಕಳು ಕುಂಡದಲ್ಲಿ ಒಣಗಿದ್ದನ್ನೂ ತಲೆಗೆ ಹಚ್ಚಿಕೊಳ್ಳಲಿಲ್ಲ. ನಮಗೆ ಆಸೆ ತೋರಿಸಿ ಕೈಕೊಟ್ಟಿರಿ. ನಾನಿದನ್ನು ಕ್ಷಮಿಸುವವಳಲ್ಲ.

ಆದರೂ ಕೇಳುತ್ತೇನೆ, ಬೇರೆ ಯಾರನ್ನು ಕೇಳಲಿ? ನಾಳೆ ಬೆಳಿಗ್ಗೆ ಒಂದು ಕಡ್ಡಿ ಮುರಿಯಿರಿ. ಗೇಣುದ್ದ ಸಾಕು, ಕೆಳಗಿನ ಎಲೆ ಕಿತ್ತು ಮಣ್ಣಿಗೆ ಚುಚ್ಚಿದರೆ ಹತ್ತಿಕೊಳ್ಳುತ್ತದೆ. ಪಕ್ಕದ ಮನೆಗೆ ಕೊಡಿ, ಅವರಿಗೂ ಮುಂದಕ್ಕೆ ಕೊಡಲು ಹೇಳಿ. ಫೋಟೋ ಬೇಡ.

ಕುಂಡವನ್ನು ತಿಪ್ಪೆಗೆ ಎಸೆಯಲು ಹೊರಟಿದ್ದೆ. ಇಂಪನಾ ಬಿಡಲಿಲ್ಲ. ಈಗ ಕೆಮ್ಮುತ್ತಲೇ ತನ್ನ ಗುಟುಕುಪಾಲನ್ನು ಅದಕ್ಕೆ ಹೊಯ್ಯುತ್ತಿದ್ದಾಳೆ. “ಅದಕ್ಕೆ ಬಾಯಾರಿರ್ಬೇಕು ಅಜ್ಜಿ, ನೀರು ಕುಡಿದ್ರೆ ವಾಸ್ನೆ ಬರುತ್ತೆ” ಎನ್ನುತ್ತಾಳೆ. ಬೇಡ ಮಗಳೇ ಎನ್ನಲು ನನಗೆ ಬಾಯಿ ಬರುತ್ತಿಲ್ಲ. ನೀವೇ ಬಂದು ಹೇಳಿ.

ನಿಮ್ಮ ಮರಿಮಗಳ ಮರಿಮಗಳು,
ಓಬಳಮ್ಮ