ಇಪ್ಪತ್ತು ಸಲ ‘ಗೊತ್ತಿಲ್ಲ’

ಗ್ರೇಟರ್ ನೋಯ್ಡಾ
ಶುಕ್ರವಾರ, 21 ನವೆಂಬರ್ 2025

ಪ್ರೀತಿಯ ಸರಳಕ್ಕಾ,

ಫೋನ್ ಎತ್ತುತ್ತಿಲ್ಲ ಎಂದು ಬೈಯಬೇಡ. ನಿನ್ನ ದನಿ ಕೇಳಿದರೆ ಅಳು ಬರುತ್ತದೆ, ಪಕ್ಕದ ಮಂಚದಲ್ಲಿ ರೂಮ್‌ಮೇಟ್ ಇರುತ್ತಾಳೆ. ಅದಕ್ಕೇ ಈ ಕಾಗದ.

ಡಿಸೆಂಬರ್ ಒಂದಕ್ಕೆ ಧಾರವಾಡದ ಶಾಲೆಯಲ್ಲಿ ಒರಿಜಿನಲ್ ಸರ್ಟಿಫಿಕೇಟ್ ತೋರಿಸಬೇಕು, ಇಲ್ಲದಿದ್ದರೆ ಕೆಲಸ ಇನ್ನೊಬ್ಬರ ಪಾಲು ಎಂದು ಮೂರು ಸಲ ಮೆಸೇಜ್ ಮಾಡಿದ್ದೀಯ. ಗೊತ್ತು ಅಕ್ಕ! ಆದರೆ ನನ್ನ ಡಿಗ್ರಿ, ಬಿ.ಎಡ್., ಎಸ್ಸೆಸ್ಸೆಲ್ಸಿ ಎಲ್ಲವೂ ಪ್ರಿನ್ಸಿಪಾಲ್ ಮೇಡಂ ಬೀರುವಿನಲ್ಲಿವೆ. ಸೇರಿದ ದಿನವೇ ಇಸಿದುಕೊಂಡರು. ಎರಡು ವರ್ಷದಿಂದ ಆ ಬೀರುವಿನ ಮುಂದೆ ನಿಂತು ಗುಡ್ ಮಾರ್ನಿಂಗ್ ಹೇಳುತ್ತಿದ್ದೇನೆ.

ಇಲ್ಲಿ ಹೊಸ ಪದ ಕಲಿಸುವ ಚೆಂದ ಕೇಳು. ನನ್ನ ಎರಡನೇ ಕ್ಲಾಸಿಗೆ ವಾರಕ್ಕೆ ಐದು ಇಂಗ್ಲಿಷ್ ಪದ. ಪ್ರತಿ ಪದಕ್ಕೂ ಎರಡು ವೀಡಿಯೊ. ಮೊದಲನೆಯದರಲ್ಲಿ ಅರ್ಥ ಕೇಳಿದರೆ ಮಕ್ಕಳು ಗೊತ್ತಿಲ್ಲ ಎನ್ನಬೇಕು, ಎರಡನೆಯದರಲ್ಲಿ ಪಟಪಟನೆ ಹೇಳಬೇಕು. ಎರಡೂ ಮಧ್ಯಾಹ್ನದೊಳಗೆ ಪೋಷಕರ ಗ್ರೂಪಿಗೆ ಹೋಗಬೇಕು. ನಮ್ಮ ಶಾಲೆ ಎಷ್ಟು ಕಲಿಸುತ್ತದೆ ಎಂದು ಅವರಿಗೆ ಕಾಣಬೇಕಲ್ಲ!

ಜುಲೈನಲ್ಲಿ ‘ಸ್ಟೀಮ್’ ಎಂಬ ಪದ ಬಂತು. ನನ್ನ ಕ್ಲಾಸಿನ ಶ್ರಾವ್ಯಾ ಉಡುಪಿ ಕಡೆಯವಳು. ಅಪ್ಪ ಅಮ್ಮ ಇಲ್ಲೇ ಇಡ್ಲಿ ದೋಸೆಯ ಹೋಟೆಲ್ ನಡೆಸುತ್ತಾರೆ. ಫೋನ್ ಆನ್ ಮಾಡಿದ್ದೇ ತಡ, ಎದ್ದು ನಿಂತು, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಅಪ್ಪನ ಕನ್ನಡಕ ಬೆಳ್ಳಗಾಗುತ್ತದಲ್ಲ, ಅದೇ ಸ್ಟೀಮ್ ಎಂದಳು. ಎಷ್ಟು ಚೆಂದ ಹೇಳಿದಳು ಅಕ್ಕ! ನನ್ನ ಬಿ.ಎಡ್.ನಲ್ಲಿ ಅಂಥದ್ದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮೇಡಂ ಮಾತ್ರ ‘ಯೇ ನಹೀ ಚಲೇಗಾ ಅಹಲ್ಯಾ ಜೀ, ಫಿರ್ ಸೇ’ ಎಂದರು. ಇದು ನಡೆಯುವುದಿಲ್ಲ, ಮತ್ತೆ ತೆಗೆಯಿರಿ ಅಂತ. ಮೂರು ಸಲ ತೆಗೆದೆ, ಮೂರು ಸಲವೂ ಕನ್ನಡಕದ ಕಥೆಯೇ. ಕೊನೆಗೆ ಪಕ್ಕಕ್ಕೆ ಕರೆದು ಕನ್ನಡದಲ್ಲಿ ಪುಸಲಾಯಿಸಿದೆ: ಫೋನ್ ಇಟ್ಟು ಮೊದಲ ಸಲ ಕೇಳಿದಾಗ ಗೊತ್ತಿಲ್ಲ ಅನ್ನಬೇಕು ಪುಟ್ಟಿ, ಅಂದವರ ಕೈಮೇಲೆ ಸ್ಟಾರ್ ಅಂಟಿಸುತ್ತೇನೆ. ಜಾಣೆ, ಒಂದೇ ಮಾತಿಗೆ ಕಲಿತುಬಿಟ್ಟಳು.

ಹೋದ ವಾರ ಮೌಖಿಕ ಪರೀಕ್ಷೆ ಇತ್ತು. ಹೊರಗಿನಿಂದ ಬಂದ ಪರೀಕ್ಷಕರು ಮೇಜಿನ ಮೇಲೆ ಫೋನ್ ಇಟ್ಟು ರೆಕಾರ್ಡ್ ಮಾಡುತ್ತ ಕೇಳಿದರು. ಇಪ್ಪತ್ತು ಪದಕ್ಕೂ ಶ್ರಾವ್ಯಾ ‘ನಹೀ ಪತಾ’, ಗೊತ್ತಿಲ್ಲ, ಎಂದಳು. ಸೊನ್ನೆ. ನಾನು ಬಾಗಿಲ ಬಳಿಯೇ ನಿಂತಿದ್ದೆ. ಈಗ ಅವಳನ್ನು ಕೆಳಗಿನ ಮಹಡಿಯ ‘ನಿಧಾನ ಕಲಿಯುವವರ’ ಕ್ಲಾಸಿಗೆ ಹಾಕುತ್ತಾರಂತೆ. ಈ ಮಗುವಿಗೆ ಬುದ್ಧಿ ಸಾಲದು ಎಂಬ ಕಾಗದಕ್ಕೆ ನಾನು ಸಹಿ ಹಾಕಬೇಕು. ನಿಜ ಹೇಳಿದರೆ ವೀಡಿಯೊಗಳೆಲ್ಲ ನಾಟಕ ಎಂದು ಬಯಲಾಗುತ್ತದೆ, ಅದಕ್ಕೆ ಮೇಡಂ ಬಿಡುವುದಿಲ್ಲ. ಸಹಿ ಮಾಡಿ, ಅವತ್ತೇ ಸರ್ಟಿಫಿಕೇಟ್ ತೆಗೆದುಕೊಂಡು ಊರಿಗೆ ಹೋಗಿ ಎಂದು ಚಹಾ ಕೊಟ್ಟು ನಯವಾಗಿ ಹೇಳಿದರು.

ಮೊನ್ನೆ ಶ್ರಾವ್ಯಾಳ ಅಮ್ಮ ವಸಂತಿ ಬಂದಿದ್ದರು. ಹೋಟೆಲಿನಿಂದ ನೇರ ಬಂದಿರಬೇಕು, ಬಳೆಗೆ ಹಿಟ್ಟು ಅಂಟಿತ್ತು. ಮನೆಯಲ್ಲಿ ಎಲ್ಲ ಹೇಳುತ್ತಾಳೆ, ಇಲ್ಲಿ ಯಾಕೆ ಹೀಗೆ ಟೀಚರ್, ನೀವು ನಮ್ಮವರು, ನೀವೇ ಹೇಳಿ ಎಂದು ಅತ್ತರು. ಗೊತ್ತಿಲ್ಲ ಎಂದೆ. ನಾನು, ಅಕ್ಕ! ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಆ ಕಾಗದ ಮೂರು ದಿನದಿಂದ ಬ್ಯಾಗಿನಲ್ಲಿದೆ. ಸಹಿ ಮಾಡಿದರೆ ಮಗು ಇಲ್ಲಿ ಸಿಕ್ಕಿಕೊಳ್ಳುತ್ತದೆ, ಮಾಡದಿದ್ದರೆ ನಾನು. ಇನ್ನೂ ಏನೂ ತೀರ್ಮಾನಿಸಿಲ್ಲ. ಅಮ್ಮನಿಗೆ ಇದೊಂದೂ ಹೇಳಬೇಡ. ಇಲ್ಲಿನ ಹೊಗೆಗೆ ಗಂಟಲು ಕೆಟ್ಟಿದೆ, ಅದಕ್ಕೇ ಫೋನ್ ಮಾಡುತ್ತಿಲ್ಲ ಎನ್ನು.

ನಿನ್ನ ತಂಗಿ,
ಅಹಲ್ಯಾ

ತಾ.ಕ.: ತೀರ್ಮಾನಿಸಿಲ್ಲ ಎಂದು ಬರೆದದ್ದು ಸುಳ್ಳು ಅಕ್ಕ. ಇವತ್ತು ಬೆಳಿಗ್ಗೆಯೇ ಸಹಿ ಮಾಡಿದೆ. ಸರ್ಟಿಫಿಕೇಟುಗಳು ನನ್ನ ದಿಂಬಿನ ಕೆಳಗಿವೆ, ಇಪ್ಪತ್ತೆಂಟರ ರೈಲಿಗೆ ಟಿಕೆಟ್ ಆಗಿದೆ. ಆಫೀಸಿನಿಂದ ಹೊರಬಂದಾಗ ಶ್ರಾವ್ಯಾ ಬ್ಯಾಗ್ ಹೊತ್ತು ಕೆಳಗಿನ ಕ್ಲಾಸಿಗೆ ಇಳಿಯುತ್ತಿದ್ದಳು. ನನ್ನನ್ನು ಕಂಡು ಓಡಿ ಬಂದು, ಮ್ಯಾಮ್, ಆ ಅಂಕಲ್ ಫೋನ್ ಇಟ್ಟಿದ್ರಲ್ಲ, ಟ್ವೆಂಟಿ ವರ್ಡ್ಸ್‌ಗೂ ‘ನಹೀ ಪತಾ’ ಅಂದೆ, ಏಕ್ ಭೀ ತಪ್ಪಾಗ್ಲಿಲ್ಲ, ನೀವು ಸ್ಟಾರ್ ಕೊಡ್ಲೇ ಇಲ್ಲ ಎಂದು ಕೈ ಚಾಚಿದಳು. ಪರ್ಸಿನಲ್ಲಿ ಒಂದಿತ್ತು. ಅಂಟಿಸಿದೆ.