ನಡುವೆ ನಿಂತ ಪಂದ್ಯ

ಅಲ್ ಖೋಬರ್, ಸೌದಿ ಅರೇಬಿಯಾ
ಮಾರ್ಚ್ 2014

ಮಾನ್ಯ ಕಾರ್ಯಕ್ರಮ ಮುಖ್ಯಸ್ಥರೇ,

ನಿಮ್ಮ ಕ್ರೀಡಾ ವಾಹಿನಿಯಲ್ಲಿ ಬರುತ್ತಿದ್ದ ಮಿಶ್ರ ಪೋಕರ್ ಪಂದ್ಯಾವಳಿಯನ್ನು ನನ್ನ ಪತಿ ಅನಂತರಾಮ ತಪ್ಪದೆ ನೋಡುತ್ತಿದ್ದರು. ಡಯಾಲಿಸಿಸ್ ಮುಗಿಸಿ ಬಂದ ದಿನ ಅವರಿಗೆ ಬೇರೇನೂ ಬೇಡ. ಇಸ್ಪೀಟಿನ ಗಂಧಗಾಳಿಯೂ ಇಲ್ಲದ ನನಗೆ ಅವರೇ ಹೇಳಿಕೊಟ್ಟರು: ಸುತ್ತಿನಿಂದ ಸುತ್ತಿಗೆ ಆಟ ಬದಲಾಗುತ್ತದೆ, ಒಂದರಲ್ಲಿ ದೊಡ್ಡ ಎಲೆಗಳು ಗೆದ್ದರೆ ಇನ್ನೊಂದರಲ್ಲಿ ಚಿಕ್ಕವು. ರಕ್ತಪರೀಕ್ಷೆಯ ವರದಿ ಕೆಟ್ಟದಾಗಿ ಬಂದ ದಿನವೂ "ಸ್ವಲ್ಪ ತಡಿ ವನಾ, ಆಟ ಬದಲಾಗತ್ತೆ" ಅನ್ನುತ್ತಿದ್ದರು.

ಕೊನೆಯ ಪಂದ್ಯದಲ್ಲಿ ಅವರ ಮೆಚ್ಚಿನ ಹಸಿರು ಟೋಪಿಯ ಮುದುಕರೂ ಇನ್ನೊಬ್ಬರೂ ಮಾತ್ರ ಉಳಿದಿದ್ದಾಗ ನೀವು ಪ್ರಸಾರ ನಿಲ್ಲಿಸಿ ಹೋಲ್ಡೆಮ್ ಎಂಬ ಒಂದೇ ಬಗೆಯ ಪೋಕರ್ ಶುರು ಮಾಡಿದಿರಿ. ಮಿಶ್ರ ಆಟ ವೀಕ್ಷಕರಿಗೆ ಅರ್ಥವಾಗುವುದಿಲ್ಲ ಎಂದು ನಿಮ್ಮ ಕಚೇರಿಯವರು ಫೋನಿನಲ್ಲಿ ಹೇಳಿದರು. ಇರಬಹುದು. ಹೋಲ್ಡೆಮ್‌ನಲ್ಲಿ ಮಾಡುವಂತೆ ಇದ್ದದ್ದನ್ನೆಲ್ಲ ಒಂದೇ ಸಲಕ್ಕೆ ಪಣಕ್ಕಿಡುವುದು ಎಲ್ಲರಿಗೂ ಅರ್ಥವಾಗುತ್ತದೆ. ನನ್ನ ಪತಿ ಮಾತ್ರ ಟಿವಿ ಆರಿಸು ಎಂದರು.

ಯಾರು ಗೆದ್ದರೆಂದು ಆಸ್ಪತ್ರೆಯಲ್ಲೂ ಕೇಳುತ್ತಿದ್ದರು. ಒಂದು ಸಂಜೆ ನಾನೇ, ಹಸಿರು ಟೋಪಿಯವರು, ಎಂದುಬಿಟ್ಟೆ. ನಕ್ಕರು.

ಅವರು ತೀರಿಕೊಂಡಿದ್ದರಿಂದ ಅವರ ಹೆಸರಿನ ಮೇಲಿದ್ದ ನನ್ನ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಕೂಡ ಮುಗಿಯುತ್ತದೆ. ತಿಂಗಳ ಕೊನೆಗೆ ನಾನು ಈ ದೇಶ ಬಿಡಬೇಕು. ದಯವಿಟ್ಟು ಅವರ ಚಂದಾ ರದ್ದು ಮಾಡಿ. ಗೆದ್ದವರು ಯಾರೆಂದು ಲಕೋಟೆಯ ಮೇಲಿರುವ ಮೈಸೂರಿನ ವಿಳಾಸಕ್ಕೆ ಬರೆಯಿರಿ.

ಆ ಮುದುಕರಲ್ಲದಿದ್ದರೆ ಬರೆಯುವುದು ಬೇಡ.

ಇಂತಿ ನಿಮ್ಮ ವೀಕ್ಷಕಿ,
ವನಮಾಲಾ ಅನಂತರಾಮ